ಕೆಮ್ಮುವ ಖಾಸಗಿ ವಿಷಯ

ಒಂದು ಗಿಳಿಯನ್ನು ಹದಿನೈದು ದಿನ ನೋಡಿಕೊಳ್ಳುವುದು, ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳಿಗೆ ಕಷ್ಟವಾಗಬಾರದು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಗಿಳಿ ಸಸ್ಯವಲ್ಲ ಎಂಬ ಸಣ್ಣ ಅಂಶವನ್ನು ನಾನು ಗಮನಿಸಿರಲಿಲ್ಲ.

ಹಗರಿಬೊಮ್ಮನಹಳ್ಳಿಯ ನಮ್ಮ ದೊಡ್ಡಮ್ಮ ಒಂದು ಭಾನುವಾರ ಕೊಟ್ಟೂರಿನ ನನ್ನ ಬಾಡಿಗೆ ಮನೆಗೆ ಬಂದಿಳಿದಳು. ಕೈಯಲ್ಲಿ ದೊಡ್ಡಪ್ಪನ ಹಳೆಯ ಲುಂಗಿ ಹೊದಿಸಿದ ಪಂಜರ.

"ಮಗಳ ಹೆರಿಗಿಗೆ ಹಡಗಲಿಗೆ ಹೊಂಟೀವಿ, ನಾನೂ ನಿಮ್ಮ ದೊಡ್ಡಪ್ಪನೂ. ಇದನ್ನ ಹದಿನೈದು ದಿನ ಇಟ್ಕೋ. ಭಾಳ ಗರೀಬ ಐತಿ. ಯಾರ ತಂಟಿಗೂ ಹೋಗಂಗಿಲ್ಲ."

"ಮಾತಾಡತೈತೇನು?"

"ಎಲ್ಲಿ ಮಾತು! ಏನೋ ಒಂದೆರಡು."

ಲುಂಗಿ ಸರಿಸಿದೆ. ಸಾಧಾರಣ ಗಿಳಿಯ ಒಂದೂವರೆ ಪಟ್ಟು ಗಾತ್ರ, ಹೆಗಲ ಮೇಲೆ ಕೆಂಪು ಮಚ್ಚೆ, ಅಡಕತ್ತರಿಯಂಥ ಕೆಂಪು ಕೊಕ್ಕು. ಅಲೆಕ್ಸಾಂಡ್ರಿನ್ ಗಿಳಿ! ಜಗತ್ತನ್ನು ಗೆಲ್ಲಲು ಹೊರಟ ಅರಸನ ಹೆಸರು ಹೊತ್ತ ಆ ಜಾತಿಯ ಹಕ್ಕಿಗೆ ದೊಡ್ಡಮ್ಮ ಇಟ್ಟ ಹೆಸರು ಪಂಪಣ್ಣ.

ನಾನು ಯಾವುದನ್ನೂ ಸಿದ್ಧತೆಯಿಲ್ಲದೆ ಮಾಡುವವಳಲ್ಲ. ದೊಡ್ಡಮ್ಮನ ಬಸ್ಸು ಹೊರಟ ಕೂಡಲೇ ಫೋನಿನಲ್ಲಿ ಹುಡುಕಿ, ಯಾವುದೋ ದೂರದೇಶದವರು ಬರೆದ ಪುಟವನ್ನು ಓದಿ, ನೋಟ್‌ಬುಕ್ಕಿನಲ್ಲಿ ಶೀರ್ಷಿಕೆ ಹಾಕಿ ಬರೆದುಕೊಂಡೆ. "ಸಾಕುವವರು ನಿರೀಕ್ಷಿಸಬೇಕಾದದ್ದು: ಗದ್ದಲ ಮಾಡುತ್ತದೆ. ಮರ ಕಡಿಯುತ್ತದೆ. ದಶಕಗಳ ಕಾಲ ಬದುಕುತ್ತದೆ. ಮನೆಯವರ ಮಾತು ಕಲಿಯುತ್ತದೆ." ಯಾವ ಮನೆಯವರ ಮಾತು ಎಂದು ಆ ಪುಟದಲ್ಲಿ ಇರಲಿಲ್ಲ.

ಇಲ್ಲಿ ನನ್ನ ಮನೆಯ ಬಗ್ಗೆ ಹೇಳಬೇಕು. ನಾನು ಇಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಒಂಟಿ ಹುಡುಗಿಗೆ ಮನೆ ಕೊಡುವವರು ಸಿಗದೆ ಮೂರು ತಿಂಗಳು ಅಲೆದು, ಕೊನೆಗೆ ಗಂಗಮ್ಮನವರ ಮನೆಯ ಅರ್ಧ ಭಾಗ ಸಿಕ್ಕಿತ್ತು. ಅವರಿಗೂ ನನಗೂ ನಡುವೆ ಒಂದೇ ಗೋಡೆ. ಷರತ್ತುಗಳು ಎರಡು. ಗಂಡಸರು ಬರಕೂಡದು. ಪ್ರಾಣಿ ಪಕ್ಷಿ ಸಾಕಕೂಡದು. ಎರಡಕ್ಕೂ ನಾನು ಸಂತೋಷದಿಂದ ಒಪ್ಪಿದ್ದೆ, ಏಕೆಂದರೆ ನನಗೆ ಬೇಕಿದ್ದದ್ದು ಒಂದೇ: ಯಾರೂ ನನ್ನನ್ನು ಏನೂ ಕೇಳದಿರುವುದು. ಸಂಬಳ ಎಷ್ಟು, ಲಗ್ನ ಯಾವಾಗ, ನಿನ್ನೆ ಏನು ಸಾರು ಎಂದು ಕೇಳಿದವರಿಗೆಲ್ಲ ನನ್ನ ಬಳಿ ಒಂದೇ ಉತ್ತರವಿದೆ. "ಅದು ನನ್ನ ಖಾಸಗಿ ವಿಷಯ."

ಹದಿನೈದು ದಿನ ತಾನೇ, ಪಂಪಣ್ಣನೂ ಖಾಸಗಿ ವಿಷಯವಾಗಿರಲಿ ಎಂದು ಅವನನ್ನು ಅಡುಗೆಮನೆಯಲ್ಲಿಟ್ಟು ಕಿಟಕಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಮೊಳಗಿತು.

"ರೀ! ಏಳ್ರೀ! ಹೊತ್ತೇರೈತಿ!"

ದೊಡ್ಡಪ್ಪನಿಗೆ ಕಿವಿ ಮಂದ. ದೊಡ್ಡಮ್ಮ ದಿನಾ ಬೆಳಿಗ್ಗೆ ಓಣಿಗೆಲ್ಲ ಕೇಳುವಂತೆ ಅವನನ್ನು ಎಬ್ಬಿಸುತ್ತಾಳೆ. ಪಂಪಣ್ಣ ಆ ಪಾಠವನ್ನು ಒಂದು ಸ್ವರವೂ ತಪ್ಪದಂತೆ ಕಲಿತಿದ್ದ.

"ರೀ! ಚಾ ಆರಿ ಹೊಕ್ಕೈತ್ರಿ! ಎಷ್ಟು ಸಲ ಕರೀಲ್ರೀ!"

ನಾನು ಹಾಸಿಗೆಯಿಂದ ಹಾರಿ ಓಡಿದೆ. "ಪಂಪಣ್ಣಾ! ಬಾಯಿ ಮುಚ್ಚು!"

ಗೋಡೆಯ ಆಚೆ ಗಂಗಮ್ಮನವರ ಮನೆಯಲ್ಲಿ ಏನೋ ಪಾತ್ರೆ ಬಿತ್ತು.

ನೀರು ಹಿಡಿಯಲು ಹೋದಾಗ ಗಂಗಮ್ಮನವರು ನಲ್ಲಿಯ ಹತ್ತಿರವೇ ಇದ್ದರು. "ಮನ್ಯಾಗ ಯಾರರ ಬಂದಾರೇನವ್ವಾ?"

"ಇಲ್ರಿ ಅಮ್ಮಾ."

"ಹಂಗಾರ ಚಾ ಯಾರಿಗೆ ಆರ್ತಿತ್ತು?"

ಯೋಚಿಸಲು ಸಮಯವಿರಲಿಲ್ಲ. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಹೇಳಿದೆ. "ಅದು ನನ್ನ ಖಾಸಗಿ ವಿಷಯ."

ನನ್ನ ಜೀವನದಲ್ಲಿ ಇಷ್ಟು ಸ್ಪಷ್ಟವಾದ ತಪ್ಪೊಪ್ಪಿಗೆಯನ್ನು ನಾನು ಬೇರೆಲ್ಲೂ ಮಾಡಿಲ್ಲ!

ಹೆಂಗಸಿನ ದನಿ ಬೆಳಗಿನ ಎಬ್ಬಿಸುವಿಕೆಗೂ ಚಹಾಕ್ಕೂ ಮಾತ್ರ ಮೀಸಲು. ಉಳಿದ ಹೊತ್ತಿನಲ್ಲಿ ಪಂಪಣ್ಣ ಏನು ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕಾಲೇಜಿನಲ್ಲಿರುತ್ತಿದ್ದೆ. ಗಂಗಮ್ಮನವರಿಗೆ ಗೊತ್ತಿತ್ತು. ಅವನು ಕೆಮ್ಮುತ್ತಿದ್ದ. ನಲವತ್ತು ವರ್ಷ ಬೀಡಿ ಸೇದಿದ ದೊಡ್ಡಪ್ಪನ ಕೆಮ್ಮು, ಗಂಟಲು ಕೆರೆಯುವಿಕೆ, ಕೊನೆಯಲ್ಲಿ "ಹ್ಞಾ… ಸ್ಸಿವನೇ" ಎಂಬ ನಿಟ್ಟುಸಿರು, ಎಲ್ಲವೂ ಕ್ರಮಬದ್ಧವಾಗಿ.

ಹೊರಗೆ ಬೀಗ. ಒಳಗೆ ಗಂಡಸಿನ ಕೆಮ್ಮು.

ಮೂರನೇ ದಿನ ಸಂಜೆ ಗಂಗಮ್ಮನವರು ನಮ್ಮ ಬಾಗಿಲಿಗೆ ಬಂದು ಒಂದು ಲೋಟ ಮುಂದೆ ಹಿಡಿದರು. ಶುಂಠಿ, ಮೆಣಸು ಹಾಕಿ ಕುದಿಸಿದ ಕಷಾಯ.

"ನನಗ ಆರಾಮ ಐತ್ರಿ ಅಮ್ಮಾ."

"ನಿನಗಲ್ಲವ್ವ, ನಿಮ್ಮ ಮನಿಯವ್ರಿಗೆ." ದನಿ ತಗ್ಗಿಸಿದರು. "ಲಗ್ನ ಮಾಡ್ಕೊಂಡೀದಿ, ಮಾಡ್ಕೋ. ನಾನೇನು ಬ್ಯಾಡ ಅನ್ನಂಗಿಲ್ಲ. ಆದ್ರ ಗಂಡನ್ನ ಒಳಗ ಹಾಕಿ ಬೀಗ ಜಡದು ಹೋಗ್ತಾರೇನು? ಮ್ಯಾಲೆ ಹೆಸರು ಹಿಡದು 'ಬಾಯಿ ಮುಚ್ಚು' ಅಂತೀಯಲ್ಲ! ಒಮ್ಮೆ ರೀ ಅಂತಿ, ಒಮ್ಮೆ ಪಂಪಣ್ಣ ಅಂತಿ. ಒಂದರಾಗ ಇರವ್ವ."

ನಾನು ಲೋಟ ತೆಗೆದುಕೊಂಡು ಬಾಗಿಲು ಹಾಕಿದೆ. ಷರತ್ತು ಮುರಿದದ್ದು ಹಕ್ಕಿಯಿಂದ ಎಂದು ಒಪ್ಪಿಕೊಂಡರೆ ಮನೆ ಹೋಗುತ್ತದೆ. ಗಂಡನಾದರೆ ಕಷಾಯ ಬರುತ್ತದೆ. ನಾಳೆ ಸಮಾಧಾನವಾಗಿ ವಿವರಿಸೋಣ ಎಂದುಕೊಂಡೆ.

ಆ ನಾಳೆಯೇ ನನ್ನ ತರಗತಿಯಲ್ಲಿ ದೊಡ್ಡ ಅನಾಹುತವಾಯಿತು. ಪರಿಸರ ಅಧ್ಯಯನದ ಪಾಠವೂ ನನ್ನದೇ. ಅಂದಿನ ವಿಷಯ ವನ್ಯಜೀವಿ ಸಂರಕ್ಷಣೆ. ಮುಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು, "ಮೇಡಂ, ಮನ್ಯಾಗ ಗಿಣಿ ಸಾಕಬಹುದ್ರೀ?"

ನಾನು ಗಂಭೀರವಾಗಿ ಪುಸ್ತಕ ತೆರೆದು, ಗಟ್ಟಿಯಾಗಿ ಓದಿ, ಅರ್ಥ ಹೇಳಿದೆ. "ಇಲ್ಲ. ನಮ್ಮ ದೇಶದ ಕಾಡುಗಿಳಿಗಳನ್ನು ಪಂಜರದಲ್ಲಿಡುವುದು ಅಪರಾಧ."

ಓದಿದ ಮೇಲೆ ಕುಳಿತುಕೊಂಡೆ. ಉಳಿದ ಪಾಠ ಕುಳಿತೇ ಮಾಡಿದೆ. ಎರಡು ವರ್ಷದಿಂದ ಇದೇ ಪಾಠ ಹೇಳುತ್ತಿದ್ದರೂ ಪುಸ್ತಕದ ಗಿಳಿಗೂ ಪಂಪಣ್ಣನಿಗೂ ಸಂಬಂಧವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಹೊರಗೆ ಬಂದು ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಮೂರು ವರ್ಷದಿಂದ ಸಾಕೀನಿ," ಎಂದಳು. "ಯಾವ ಪೊಲೀಸಪ್ಪನೂ ಬಂದು ಕೇಳಿಲ್ಲ. ನೀ ಓದಿ ಓದಿ ಅಂಜುಬುರುಕಿ ಆಗೀದಿ."

ದಾರಿಯುದ್ದಕ್ಕೂ ತರ್ಕಬದ್ಧವಾಗಿ ಯೋಚಿಸಿದೆ. ಗುಟ್ಟಾಗಿ ಗಂಡನನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಗಿಳಿಯನ್ನು ಇಟ್ಟುಕೊಳ್ಳುವುದು ಅಪರಾಧ. ಆದ್ದರಿಂದ ದೊಡ್ಡಮ್ಮ ಬರುವವರೆಗೆ ಗಂಡನೇ ಇರಲಿ!

ಹೀಗೆ ನಾನು ಸಂಸಾರಸ್ಥೆಯಾದೆ. ಗಂಗಮ್ಮನವರು ದಿನಾ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಕಳಿಸತೊಡಗಿದರು. ಪಲ್ಯ ನನಗೆ, ರೊಟ್ಟಿಯ ತುಂಡು ಪಂಪಣ್ಣನಿಗೆ. ಅವನು ಮಿಕ್ಕ ಹೊತ್ತಿನಲ್ಲಿ ಹಸಿಮೆಣಸಿನಕಾಯಿ ತಿಂದು ಬೀಜವನ್ನು ಗೋಡೆಗೆ ಉಗುಳುತ್ತಿದ್ದ, ಪಂಜರದ ಸಂದಿಯಿಂದ ಕೊಕ್ಕು ಚಾಚಿ ಕಿಟಕಿಯ ಚೌಕಟ್ಟನ್ನು ಕಡಿಯುತ್ತಿದ್ದ. ರಾತ್ರಿ ಕಡಿಯುವ ಶಬ್ದದ ಬಗ್ಗೆ ಗಂಗಮ್ಮನವರು ಕೇಳಲಿಲ್ಲ. "ನಿಮ್ಮವ್ರು ಬಡಗಿ ಕೆಲಸದವ್ರೇನು?" ಎಂದು ಎದುರುಮನೆಯ ಸರೋಜಕ್ಕ ಮಾತ್ರ ಕೇಳಿದಳು. ಹೀಗೆ ಬಾಗಿಲಿಗೆ ಬಂದು ಕೇಳಿದವರಿಗೆಲ್ಲ ಅಡುಗೆಮನೆಯಿಂದಲೇ ನನ್ನ ಆ ಒಂದೇ ಉತ್ತರವನ್ನು ಕೂಗಿ ಹೇಳುತ್ತಿದ್ದೆ.

ಶುಕ್ರವಾರ ನಾನು ಕಾಲೇಜಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಗಂಗಮ್ಮನವರು, ಸರೋಜಕ್ಕ, ಹಿಂದೆ ಇನ್ನೂ ಮೂವರು, ತಟ್ಟೆಯಲ್ಲಿ ಅರಿಷಿಣ ಕುಂಕುಮ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಿಡಿದು ಒಳಗೆ ಬಂದೇಬಿಟ್ಟರು. ಹೊಸ ಮದುಮಗಳಿಗೆ ಉಡಿ ತುಂಬುವ ಕಾರ್ಯಕ್ರಮ!

"ತವರುಮನಿಯವ್ರು ಬಿಟ್ರೂ ಓಣಿಯವ್ರು ಬಿಡಂಗಿಲ್ಲವ್ವ," ಎಂದರು ಗಂಗಮ್ಮನವರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನುಕೊಟ್ಟು ಸೆರಗಿಲ್ಲದ ಚೂಡಿದಾರದ ವೇಲಿನಲ್ಲೇ ಉಡಿ ಒಡ್ಡಿದೆ. ಅಕ್ಕಿ ಬಿತ್ತು, ಕಾಯಿ ಬಿತ್ತು.

"ಈಗ ಒಡಪು ಹೇಳು," ಎಂದಳು ಸರೋಜಕ್ಕ. "ಗಂಡನ್ನ ಹೆಸರು ಪ್ರಾಸದಾಗ ಇಟ್ಟು ಹೇಳಬೇಕು. ಹೇಳೋತನ ಏಳಂಗಿಲ್ಲ."

"ಅದು ನನ್ನ ಖಾಸ…"

"ಖಾಸಗಿ ಗೀಸಗಿ ಬ್ಯಾಡ, ಒಡಪು!"

ಐದು ಜನ ಗಟ್ಟಿಯಾಗಿ ಕುಳಿತುಬಿಟ್ಟರು. ಅವರು ಎದ್ದುಹೋಗಲು ಒಂದೇ ದಾರಿ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಆದ್ದರಿಂದ ನಿಜವನ್ನೇ ಪ್ರಾಸದಲ್ಲಿ ಹೇಳಿದೆ.

"ಹಸಿರು ಅಂಗಿ ತೊಟ್ಟಾರ, ಕೆಂಪು ಮೂಗು ಇಟ್ಟಾರ,
ಮೆಣಸಿನಕಾಯಿ ತಿಂದು ಮನಿತುಂಬ ಬೀಜ ಚೆಲ್ಲ್ಯಾರ, ನಮ್ಮ ಪಂಪಣ್ಣಾರ!"

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಳಿದುಹೋಯಿತು ಎಂದುಕೊಂಡೆ.

"ಮೂಗು ಕೆಂಪಗೈತಿ ಅಂದ್ರ ನೆಗಡಿ ಇನ್ನಾ ಹೋಗಿಲ್ಲ," ಎಂದರು ಗಂಗಮ್ಮನವರು ಚಿಂತೆಯಿಂದ.

ಒಳಗಿನಿಂದ ಪಂಪಣ್ಣ ಉದ್ದವಾಗಿ ಕೆಮ್ಮಿ "ಹ್ಞಾ… ಸ್ಸಿವನೇ" ಎಂದ. ಐದೂ ಜನ ತಟಕ್ಕನೆ ಸೆರಗು ಹೊದ್ದುಕೊಂಡು ಎದ್ದರು.

ಅವರು ಹೋದ ಮೇಲೆ ಉಡಿಯ ಅಕ್ಕಿಯನ್ನು ನೋಡುತ್ತ ಕುಳಿತೆ. ಆ ಕಾಯಿ, ಆ ಕುಪ್ಪಸದ ಬಟ್ಟೆ, ಗಂಗಮ್ಮನವರ ಕಣ್ಣೀರು, ಎಲ್ಲವೂ ಒಂದು ಗಿಳಿಗಾಗಿ. ಇನ್ನು ಸಾಕು ಎನ್ನಿಸಿತು. ದೊಡ್ಡಮ್ಮನಿಗೆ ಫೋನ್ ಮಾಡಿ, ಗಿಳಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸುತ್ತೇನೆಂದು ಸ್ಪಷ್ಟವಾಗಿ ಹೇಳಿದೆ. ಅವಳು ಬೈದಳು, ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು. "ಕೊಟ್ಟುಬಿಡು. ಅಲ್ಲ್ಯಾದ್ರೂ ಯಾರನ್ನರ ಎಬ್ಬಸ್ಲಿ."

ಸೋಮವಾರ ಅರಣ್ಯ ಇಲಾಖೆಯವರಿಗೆ ನಾನೇ ತಿಳಿಸಿದೆ. ಮಧ್ಯಾಹ್ನ ಜೀಪು ಬಂತು. ಖಾಕಿ ತೊಟ್ಟ ಸಿಬ್ಬಂದಿಯೊಬ್ಬರು ಒಳಗೆ ಬಂದು, ಬರೆಯುವುದನ್ನು ಬರೆದುಕೊಂಡು, ಜೀಪಿನ ಹಿಂಬದಿಯನ್ನು ಹೊಸ್ತಿಲಿಗೇ ತಾಗುವಂತೆ ನಿಲ್ಲಿಸಿ ಲುಂಗಿ ಹೊದಿಸಿದ ಪಂಜರವನ್ನು ಒಳಗಿಟ್ಟರು. ಪಂಪಣ್ಣ ಲುಂಗಿಯ ಸಂದಿಯಿಂದ ಒಂದು ಕಣ್ಣಲ್ಲಿ ನನ್ನನ್ನು ನೋಡಿದ. ಅಳು ಬರುತ್ತದೆಂದು ನೋಟ್‌ಬುಕ್ಕಿನ ನಿರೀಕ್ಷೆಗಳಲ್ಲಿ ಬರೆದಿರಲಿಲ್ಲ. ಬಂತು.

"ಪಂಪಣ್ಣನ್ನ ಚಂದಾಗಿ ನೋಡ್ಕೊಳ್ರಿ," ಎಂದೆ, ಸ್ವಲ್ಪ ಜೋರಾಗಿಯೇ.

ಎದುರುಮನೆಯ ಸರೋಜಕ್ಕನಿಗೆ ಕಂಡದ್ದು ಖಾಕಿ, ಜೀಪು ಮತ್ತು ನನ್ನ ಕಣ್ಣೀರು. ಕೇಳಿದ್ದು ಆ ಒಂದು ಮಾತು.

ಸಂತೆಗೆ ಹೋಗಿದ್ದ ಗಂಗಮ್ಮನವರು ಚೀಲವನ್ನೂ ಇಳಿಸದೆ ನಮ್ಮ ಮನೆಗೆ ಓಡಿಬಂದರು. "ಹಿಡ್ಕೊಂಡು ಹೋದ್ರಂತಲ್ಲವ್ವಾ! ಯಾವ ಕೇಸು?"

ನಾನು ಇನ್ನು ಏನನ್ನೂ ಮುಚ್ಚಿಡಬಾರದೆಂದು ನಿರ್ಧರಿಸಿದ್ದೆ. "ವನ್ಯಜೀವಿ."

"ಅಯ್ಯೋ ಸಿವನೇ! ಕರಡಿ ಹೊಡದಿದ್ನೇನು?"

ಅವರನ್ನು ಕೂರಿಸಿ, ನೀರು ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಗರಿಬೊಮ್ಮನಹಳ್ಳಿಯ ದೊಡ್ಡಮ್ಮ, ಹೆರಿಗೆ, ಗಿಳಿ, ದೊಡ್ಡಪ್ಪನ ಕೆಮ್ಮು, ಕಾನೂನು. ಸಾಕ್ಷಿಗಾಗಿ ಕಡಿದ ಕಿಟಕಿ ತೋರಿಸಿದೆ. ಗೋಡೆಯ ಮೇಲಿನ ಮೆಣಸಿನ ಬೀಜ ತೋರಿಸಿದೆ. "ಷರತ್ತು ಮುರಿದೀನ್ರಿ ಅಮ್ಮಾ. ಮನಿ ಬಿಡು ಅಂದ್ರ ಬಿಡ್ತೀನಿ," ಎಂದೆ.

ಗಂಗಮ್ಮನವರು ಕಡಿದ ಚೌಕಟ್ಟಿನ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಅವಸರದಲ್ಲಿ ಬೆರಳು ಸ್ಪೀಕರಿನ ಗುಂಡಿಗೆ ತಾಗಿತು. ಮಧ್ಯಾಹ್ನ ಬಂದಿದ್ದ ಅರಣ್ಯ ಇಲಾಖೆಯವರೇ.

"ಮೇಡಂ, ಪಂಪಣ್ಣ ಏನೂ ತಿನವಲ್ಲ. ಯಾರು ಏನ್ ಕೇಳಿದ್ರೂ 'ಅದು ನನ್ನ ಖಾಸಗಿ ವಿಷಯ' ಅಂತಾನ್ರಿ."

"ಕೇಳಿದ್ರ್ಯಾ ಅಮ್ಮಾ?" ಎಂದೆ ಗೆದ್ದವಳಂತೆ. "ಈಗರ ನಂಬ್ತೀರೇನು?"

ಅವರು ಎದ್ದು ಬಂದು ನನ್ನ ತಲೆ ನೇವರಿಸಿದರು. "ಪೊಲೀಸ್ರ ಮುಂದೂ ಬಾಯಿ ಬಿಟ್ಟಿಲ್ಲ ನೋಡು. ನಿನಗ ತಕ್ಕ ಗಂಡ." ಆಮೇಲೆ ಕಣ್ಣೊರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಹೇಳಿದರು. "ಮನಿ ಬಿಡೋ ಮಾತು ಆಡಬ್ಯಾಡ. ಯಾರರ ಕೇಳಿದ್ರ ನಾನೂ ಹಂಗ ಹೇಳ್ತೀನಿ ಬಿಡವ್ವ, ಅದು ಗಿಣಿ ಅಂತ."