‘ಬರತಕ್ಕದ್ದಲ್ಲ’ ಎಂಬ ತಮ್ಮ ಏಳು ಆದೇಶಗಳ ಕುರಿತು

ಶ್ರೀಮಾನ್ ‘ಹಗುರಬೆರಳು’ ಕೀಲಿಮಣೆಯವರ ಸನ್ನಿಧಾನಕ್ಕೆ,
ಬಿಡಾರ: ನನ್ನ ಫೋನು, ಅಂಗಿಯ ಎಡಜೇಬು, ಚಿತ್ತಾಪುರ.

ಮಾನ್ಯರೇ,

ತಮ್ಮ ಒಂಬತ್ತು ದೊಡ್ಡ ಕೀಲಿಗಳಿಗೂ, ಅವುಗಳ ನಡುವಿನ ವಿಶಾಲವಾದ ಅಂತರಕ್ಕೂ, ತಪ್ಪು ಪದವನ್ನು ಬರೆದ ಕೂಡಲೇ ಹಸಿರಾಗಿ ಮಿನುಗಿ ಸಂತೋಷಪಡುವ ತಮ್ಮ ದೊಡ್ಡ ಮನಸ್ಸಿಗೂ ಮೊದಲು ನನ್ನ ವಂದನೆಗಳು ಸಲ್ಲಲಿ. ನಾನು ತಮ್ಮ ವಿನ್ಯಾಸಕ. ತಮ್ಮನ್ನು ಸ್ಕೇಲು ಹಿಡಿದು ಕಾಗದದ ಮೇಲೆ ಬರೆದವನು, ಯಾವ ಅಕ್ಷರ ಯಾವ ಕೀಲಿಯಲ್ಲಿ ಕೂರಬೇಕೆಂದು ಎಂಟು ತಿಂಗಳು ತಲೆ ಕೆಡಿಸಿಕೊಂಡವನು, ಕೊನೆಗೆ ತಮ್ಮನ್ನು ಊರಿಗೆಲ್ಲ ಪರಿಚಯಿಸಿ ಹನ್ನೊಂದು ಮಂದಿ ಬಳಕೆದಾರರನ್ನು ಸಂಪಾದಿಸಿಕೊಟ್ಟವನು. ಆ ಹನ್ನೊಂದರಲ್ಲಿ ಒಂಬತ್ತು ಮಂದಿ ನನ್ನ ಸಂಬಂಧಿಕರು ಎಂಬುದು ಬೇರೆ ಮಾತು. ಆದ್ದರಿಂದ ಈ ದೂರಿನಲ್ಲಿ ಅರ್ಜಿದಾರನೂ ನಾನೇ, ಬಹುಮಟ್ಟಿಗೆ ಆರೋಪಿಯೂ ನಾನೇ ಆಗಿರುವುದನ್ನು ತಾವು ದಯವಿಟ್ಟು ಗಮನಿಸಬೇಕು.

ಈ ಪತ್ರವನ್ನು ತಮ್ಮಿಂದಲೇ ಬರೆಸುತ್ತಿದ್ದೇನೆ. ದೂರು ಬರೆಯುವುದರಲ್ಲಿ ತಮ್ಮನ್ನು ಮೀರಿಸುವವರು ಈ ಭಾಗದಲ್ಲಿ ಯಾರೂ ಇಲ್ಲ. ‘ಮಾ’ ಎಂದು ಒತ್ತುವಷ್ಟರಲ್ಲಿ ‘ಮಾನ್ಯರೇ’ ಎಂದು ಕೈಮುಗಿದು ನಿಲ್ಲುತ್ತೀರಿ. ನಮ್ಮ ಮಂದಿ ಆಡಿದ ಮಾತು ಬಂದಲ್ಲಿ ಮಾತ್ರ ತಮ್ಮನ್ನು ನಂಬಲಾಗದೆ ಜಾಗ ಖಾಲಿ ಬಿಟ್ಟು, ಮುದ್ರಿಸಿಕೊಂಡ ಮೇಲೆ ಪೆನ್ನಿನಿಂದ ತುಂಬಿದ್ದೇನೆ.

ತಮ್ಮ ಹುಟ್ಟಿಗೆ ಕಾರಣರಾದವರು ಶಹಾಬಾದಿನ ಚಾಂದ್ ಸಾಹೇಬರು. ಮೂವತ್ತು ವರ್ಷ ಕಲ್ಲಿಗೆ ಪಾಲಿಶ್ ಹಿಡಿದ ಅವರ ಹೆಬ್ಬೆರಳು ಕಲ್ಲಿನಷ್ಟೇ ನುಣುಪಾಗಿ, ಕಲ್ಲಿನಷ್ಟೇ ದಪ್ಪವಾಗಿ, ಒಂದು ಅಕ್ಷರ ಒತ್ತಿದರೆ ಮೂರು ಅಕ್ಷರ ಏಳುತ್ತಿದ್ದವು, ಒಮ್ಮೊಮ್ಮೆ ಒಂದೂ ಏಳುತ್ತಿರಲಿಲ್ಲ. ನಾವಿಬ್ಬರೂ ಪ್ರತಿ ಭಾನುವಾರ ಸೈಕಲ್ ಹೊಡೆಯುವ ಗೆಳೆಯರು. ಅವರು ಶಹಾಬಾದಿನಿಂದ, ನಾನು ಚಿತ್ತಾಪುರದಿಂದ ಹೊರಟು ವಾಡಿಯಲ್ಲಿ ಕೂಡುವುದು, ಅಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ನಾಲವಾರದ ಕಡೆಗೆ ಹೋಗಿಬರುವುದು, ತಿಂದದ್ದನ್ನು ಕರಗಿಸಲೆಂದೇ ಹೋದೆವು ಎಂದು ಮನೆಯಲ್ಲಿ ಹೇಳುವುದು, ಇದು ನಮ್ಮ ಪದ್ಧತಿ. ಒಂದು ದಿನ ವಾಡಿಯ ಚಹಾದಂಗಡಿಯಲ್ಲಿ ಅವರು ಮಗಳಿಗೆ ಎರಡು ಸಾಲು ಬರೆಯಲು ಹೋಗಿ ಬೆವತು, ಫೋನನ್ನು ಬೋರಲು ಹಾಕಿ, “ಈ ಬೆರಳಿಗಿ ಇದು ಅಲ್ಲ ಬಿಡ್ರಿ” ಎಂದು ನಕ್ಕಾಗ ನನಗೆ ಭಾರಿ ಸಂಕಟವಾಗಿತ್ತು. ಅವರ ಬೆರಳಿಗೆ ಹೊಂದುವ ಕೀಲಿಮಣೆ ಮಾಡಿಯೇ ತೀರುತ್ತೇನೆಂದು ಅಲ್ಲೇ ಶಪಥ ಮಾಡಿದೆ. ಶಪಥ ಮಾಡಿದ ಕೈಯಲ್ಲಿ ಮಿರ್ಚಿ ಇತ್ತು.

ನನ್ನ ಅರ್ಹತೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಸೇಡಂ, ಚಿಂಚೋಳಿ ಎಂದು ವರ್ಗವಾಗುತ್ತ ಇಪ್ಪತ್ತಾರು ವರ್ಷ ಕಚೇರಿಗಳಲ್ಲಿ ಬೆರಳಚ್ಚು ಮಾಡಿ ನಿವೃತ್ತನಾದವನು ನಾನು. ಒಮ್ಮೆ ಹೊಡೆದ ಪತ್ರವನ್ನು ಮತ್ತೆ ಓದಿ ನೋಡಿದವನೇ ಅಲ್ಲ, ಸಾಹೇಬರೂ ಓದದೆಯೇ ಸಹಿ ಹಾಕುತ್ತಿದ್ದರು. ನಿವೃತ್ತಿಯಾದ ಮೇಲೆ ಇಪ್ಪತ್ತೊಂದು ಗೇರಿನ ಸೈಕಲ್ ಕೊಂಡೆ. ಅವುಗಳಲ್ಲಿ ಒಂದು ಗೇರನ್ನು ಬಳಸುತ್ತೇನೆ, ಉಳಿದವು ನೋಡುವವರಿಗಾಗಿ ಇವೆ. ಸೈಕಲ್ ಸವಾರರು ತೊಡುವ ಬಿಗಿಯಾದ ಚಡ್ಡಿಯನ್ನೂ ತರಿಸಿದೆ, ಆದರೆ ಅದರಲ್ಲಿ ಓಣಿ ದಾಟಲು ನನ್ನ ಹೆಂಡತಿ ಜಯಮಾಲಾ ಒಪ್ಪದ ಕಾರಣ ಊರ ಗಡಿಯವರೆಗೆ ಮೇಲೊಂದು ಪೈಜಾಮ ಧರಿಸುತ್ತೇನೆ. ತಮ್ಮ ಸುಲಭತೆಯನ್ನು ಪರೀಕ್ಷಿಸಲೆಂದು ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ತಮ್ಮನ್ನು ಹಿಡಿದು ಸೈಕಲ್ ಓಡಿಸಿ, ‘ಸುಲಭ’ ಎಂಬ ಪದ ಪೂರ್ತಿಯಾಗುವ ಮುನ್ನವೇ ಜಾಲಿಗಿಡದೊಳಗೆ ಹೋಗಿ ಬಿದ್ದವನೂ ನಾನೇ.

ತಮ್ಮ ರಚನೆಯ ಜಾಣತನ ನನ್ನದು, ಅದನ್ನು ಫೋನಿಗೆ ಇಳಿಸಿದವಳು ಸೇಡಂನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಅಣ್ಣನ ಮಗಳು ಪ್ರೀತಿ. ತ ಥ ದ ಧ ಒಂದು ಕೀಲಿಯಲ್ಲಿ, ಪ ಫ ಬ ಭ ಇನ್ನೊಂದರಲ್ಲಿ, ಹೀಗೆ ಒಂದು ಮನೆಯವರನ್ನೆಲ್ಲ ಒಂದೇ ಕಟ್ಟೆಯ ಮೇಲೆ ಕೂರಿಸಿದ್ದಾಯಿತು; ಯಾರನ್ನು ಕರೆದದ್ದೆಂದು ಊಹಿಸಿ, ಎರಡು ಒತ್ತಿಗೆ ಇಡೀ ಪದವನ್ನು ಮುಗಿಸಿಕೊಡುವ ಹೊಣೆ ತಮ್ಮದು. ಊಹಿಸಲು ಪದಗಳ ಪಟ್ಟಿ ಬೇಕೆಂದು ಪ್ರೀತಿ ಕೇಳಿದಾಗ, ನಾನು ಇಪ್ಪತ್ತಾರು ವರ್ಷ ಹೊಡೆದ ಪತ್ರ, ಸುತ್ತೋಲೆ, ನೋಟೀಸುಗಳ ಪದಗಳನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದೆ. “ಕಾಕಾ, ಮಂದಿ ಮಾತಾಡಿದಂಗ ಬರೀತಾರ್ರಿ, ಆಫೀಸಿನಂಗ ಅಲ್ಲ. ನಾಕು ಮನಿಗಿ ಹೋಗಿ ಮಾತು ಕೇಳಿ ಪದ ಹಾಕಮ್ರಿ,” ಎಂದು ಆ ಹುಡುಗಿ ಮೂರು ಸಲ ಹೇಳಿದಳು. ಶುದ್ಧ ಕನ್ನಡವೆಂದರೇನೆಂದು ಮೂರು ಸಲವೂ ನಾನು ಅವಳಿಗೆ ಉಪನ್ಯಾಸ ಕೊಟ್ಟೆ.

ತಮ್ಮ ವಿದ್ವತ್ತಿನ ಮೊದಲ ಪ್ರಸಾದ ಸಿಕ್ಕಿದ್ದು ಜಯಮಾಲಾಗೆ. ಚಿಮ್ಮನಚೋಡದ ತನ್ನ ತಂಗಿಗೆ ಹೆರಿಗೆಯಾದಾಗ, ಫೋಟೋ ನೋಡಿ, “ಕೂಸು ಭಾಳ ಚಂದ ಅದ” ಎಂದು ಅವಳು ಬರೆಯಹೊರಟಳು. ನನ್ನ ಇಪ್ಪತ್ತಾರು ವರ್ಷಗಳ ಪತ್ರಗಳಲ್ಲಿ ‘ಭಾಳ’ ಎಂಬ ಪದ ಒಮ್ಮೆಯೂ ಬಂದಿರಲಿಲ್ಲವಾದ್ದರಿಂದ, ತಾವು ಅಲ್ಲಿ ಹೇರಳವಾಗಿದ್ದ ಪದವನ್ನು ಆಯ್ದು, ಕೂಸು ಭಾಗಶಃ ಚಂದ ಇದೆ ಎಂದು ದಾಖಲಿಸಿದಿರಿ. ಚಿಮ್ಮನಚೋಡದಿಂದ ಒಂದು ತಿಂಗಳು ಫೋನು ಬರಲಿಲ್ಲ. ನಾನು ಆಗ ತಮ್ಮ ಪರ ವಹಿಸಿ, ತಪ್ಪು ಜಯಮಾಲಾಳ ಬೆರಳಿನದು ಎಂದು ತೀರ್ಪು ಕೊಟ್ಟೆ. ಅವಳು “ನಿಮ್ಮ ಕೀಲಿ ನಿಮ್ಮ ಹತ್ರಾನೇ ಇಟ್ಕೋರಿ” ಎಂದು ತಮ್ಮನ್ನು ಫೋನಿನಿಂದ ಅಳಿಸಿಹಾಕಿದಳು, ಬಳಕೆದಾರರು ಹತ್ತಕ್ಕೆ ಇಳಿದರು.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಕಳೆದ ಚಳಿಗಾಲದ ಒಂದು ಭಾನುವಾರ ಚಾಂದ್ ಸಾಹೇಬರಿಗೆ ಮೊಣಕಾಲು ನೋಯುತ್ತಿತ್ತು. ನಾಲವಾರದ ದಾರಿಯಲ್ಲಿ ಒಂದು ಏರು ಇದೆ. ಏರೆಂದರೆ ಎಮ್ಮೆಗಳೂ ಗಮನಿಸದಂಥ ಏರು. ಅವರ ಹಳೆಯ ಕರಿ ಸೈಕಲ್ ಅಲ್ಲಿ ನಿಧಾನವಾಯಿತು, ನಾನು ಮುಂದೆ ಹೋದೆ, ಮೇಲೆ ಹತ್ತಿ ಅರ್ಧ ಬಾಟಲಿ ನೀರು ಕುಡಿದು ನಿಂತೆ. ತಡವಾಗಿ ಬಂದ ಅವರು ಇಳಿದು, “ನಾ ಹಿಂದ ಬೀಳೋದು ನಿಮಗ ತ್ರಾಸ ಆಗ್ತದೇನ್ರಿ?” ಎಂದು ಕೇಳಿದರು. ‘ಇಲ್ಲ’ ಎಂದೆ, ಆದರೆ ಹಾಗೆನ್ನುವಾಗ ಗಡಿಯಾರ ನೋಡಿಕೊಂಡೆ. ಆ ತಪ್ಪು ಮನಸ್ಸನ್ನು ಕೊರೆಯುತ್ತಲೇ ಇದ್ದುದರಿಂದ ಮುಂದಿನ ಶನಿವಾರ ಸಂಜೆ ಅವರಿಗೆ, “ಐತಾರ ಬರ್ರಿ. ನಿಮ್ಮ ಜೋಡಿ ಭಾಳ ಚಲೋ ಅನಿಸ್ತದ” ಎಂದು ಅಕ್ಕರೆಯಿಂದ ಒತ್ತಿ, ಎಂದಿನಂತೆ ಮರಳಿ ಓದದೆ ಕಳಿಸಿದೆ.

ನನ್ನ ಪತ್ರಗಳಲ್ಲಿ ‘ಬರ್ರಿ’ ಎಂಬುದೂ ಇರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ನಾನು ಯಾರನ್ನೂ ಬರ್ರಿ ಎಂದು ಕರೆದಿರಲಿಲ್ಲ. ಅನುಮತಿಯಿಲ್ಲದೆ ಒಳಗೆ ಬರತಕ್ಕದ್ದಲ್ಲ, ಊಟದ ವೇಳೆಯಲ್ಲಿ ಬರತಕ್ಕದ್ದಲ್ಲ, ಗುಂಪಾಗಿ ಬರತಕ್ಕದ್ದಲ್ಲ ಎಂದೇ ಹೊಡೆದು ಅಂಟಿಸಿದ್ದೆ. ಹೀಗಾಗಿ ಚಾಂದ್ ಸಾಹೇಬರಿಗೆ ತಲುಪಿದ್ದು, ಐತಾರ ಬರತಕ್ಕದ್ದಲ್ಲ, ನಿಮ್ಮ ಜೋಡಿ ಭಾಗಶಃ ಚಲೋ ಅನಿಸುತ್ತದೆ ಎಂಬ ತಮ್ಮ ಆದೇಶ. ಅವರು ಬರಲಿಲ್ಲ. ಮೊಣಕಾಲು ವಾಸಿಯಾಗಿಲ್ಲವೆಂದುಕೊಂಡ ನಾನು ಪ್ರತಿ ಶನಿವಾರ ತಪ್ಪದೆ ಕರೆದೆ, ತಾವು ಪ್ರತಿ ಶನಿವಾರ ತಪ್ಪದೆ ನಿಷೇಧಿಸಿದಿರಿ. ಇನ್ನೂ ಸೊಗಸೆಂದರೆ, ಅವರು ಅದೇ ತಮ್ಮ ಕೀಲಿಗಳ ಮೇಲೆ ಪ್ರತಿ ಸಲವೂ “ಆತ್ರಿ” ಎಂದು ಒತ್ತಿದ್ದನ್ನು ತಾವು ‘ಆದೇಶದಂತೆ’ ಎಂದು ತಿದ್ದಿ ನನಗೆ ತಲುಪಿಸಿದಿರಿ. ಆ ದಪ್ಪ ಬೆರಳಿನಿಂದ ಇಷ್ಟು ಶುದ್ಧವಾದ ಪದ ಬಂತಲ್ಲ ಎಂದು ನಾನು, ಮೇಲಿದ್ದ ನನ್ನ ಸಾಲನ್ನು ನೋಡದೆಯೇ, ಅದನ್ನು ಪ್ರೀತಿಗೆ ಓದಿ ಹೇಳಿ ಬೀಗಿದೆ. ಫೋನು ಮಾಡಿ ಮಾತಾಡಬಹುದಿತ್ತು, ನಿಜ; ಕೀಲಿಮಣೆ ಮಾಡಿದವನೇ ಬಾಯಿಂದ ಮಾತಾಡಿದರೆ ಕೀಲಿಮಣೆಗೆ ಅಗೌರವವೆಂದು ಭಾವಿಸಿದ್ದೆ.

ಏಳು ಭಾನುವಾರ ವಾಡಿಯಲ್ಲಿ ಒಬ್ಬನೇ ಸುಸಲಾ ತಿಂದೆ. ಎಂಟನೆಯ ಶನಿವಾರ ಏನನ್ನೂ ಕಳಿಸದೆ, ಭಾನುವಾರ ತಡೆಯಲಾಗದೆ ಶಹಾಬಾದಿಗೇ ಸೈಕಲ್ ತುಳಿದೆ. ಬಾಗಿಲಲ್ಲಿ ನನ್ನನ್ನು ಕಂಡ ಚಾಂದ್ ಸಾಹೇಬರು “ಬರ್ರಿ ಭಾಗಣ್ಣೋರೇ, ಕುಂದ್ರಿ” ಎಂದರು. ಅವರ ಪತ್ನಿ ನಜಮುನ್ನೀಸಾ ಚಹಾ ಕೊಡುತ್ತ, “ಐತಾರಕ್ಕೊಮ್ಮೆ ಸೈಕಲ್‌ಗೆ ಗಾಳಿ ಹೊಡಿತಾರ್ರಿ, ಒರಸ್ತಾರ್ರಿ, ಮತ್ತ ಗ್ವಾಡಿಗಿ ನಿಂದರಸ್ತಾರ್ರಿ. ಎಲ್ಲಿಗೂ ಹೋಗಂಗಿಲ್ಲ” ಎಂದರು. ಕರಿ ಸೈಕಲ್ ಗೋಡೆಗೊರಗಿ ಹೊಳೆಯುತ್ತಿತ್ತು. ಚಾಂದ್ ಸಾಹೇಬರು ಫೋನು ತೆಗೆದು ‘ಬರತಕ್ಕದ್ದಲ್ಲ’ ಎಂಬ ಏಳು ಆದೇಶಗಳನ್ನು ಸಾಲಾಗಿ ತೋರಿಸಿದರು.

ನಾನು ತೊದಲಿದೆ, ಫೋನಿನ ತಪ್ಪೆಂದೆ. ಅವರಿಗೆ ಸಿಟ್ಟೂ ಬರಲಿಲ್ಲ. “ಬ್ಯಾರೆ ಕೀಬೋರ್ಡ್ ಆಗಿದ್ರ ತಪ್ಪಾಗ್ಯದ ಅನ್ಕೋತಿದ್ನಿರಿ. ಇದು ತಪ್ಪಂಗಿಲ್ಲಂತ ನೀವೇ ಐತಾರಕ್ಕೊಮ್ಮೆ ಹೇಳ್ತಿದ್ರಿ,” ಎಂದರು. ಆಮೇಲೆ, “ಅಲ್ದ ಆ ಏರಿನಾಗ ನಿಮ್ಮ ಬೆನ್ನು ಮೊದಲೇ ಹೇಳಿತ್ತು ಬಿಡ್ರಿ. ಫೋನ್ ಆಮ್ಯಾಲ ಹೇಳ್ತು” ಎಂದರು. ನನಗೆ ಅಳು ಬಂದಂತಾಯಿತು, ಚಹಾ ಬಿಸಿಯಿದೆ ಎಂದು ಸುಳ್ಳು ಹೇಳಿದೆ. ಹೊರಡುವಾಗ ಮುಂದಿನ ಭಾನುವಾರ ಬರ್ರಿ ಎಂದು ಬಾಯಿಂದಲೇ ಕರೆದೆ. “ನೋಡಮ್ರಿ,” ಎಂದರು. ನಮ್ಮ ಕಡೆ ನೋಡಮ್ರಿ ಎಂದರೆ ಬಹುಪಾಲು ಇಲ್ಲವೆಂದೇ ಅರ್ಥ.

ಮಾನ್ಯರೇ, ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆ ಏನೆಂದರೆ, ತಾವು ಖುದ್ದಾಗಿ ಶಹಾಬಾದಿಗೆ ತೆರಳಿ ತಮ್ಮ ಏಳೂ ಆದೇಶಗಳನ್ನು ಹಿಂಪಡೆಯಬೇಕು. ದಾರಿಯಲ್ಲಿ ಚಿಮ್ಮನಚೋಡ ಸಿಗುವುದಿಲ್ಲವಾದರೂ ಅಲ್ಲಿಗೂ ಸುತ್ತು ಹಾಕಿ, ಕೂಸು ಪೂರ್ತಿ ಚಂದವಿದೆ ಎಂದು ದೃಢೀಕರಿಸಬೇಕು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಆ ಏರನ್ನು ಎಲ್ಲರಿಗಿಂತ ಹಿಂದೆ ಹತ್ತಿ, ಮುಂದೆ ಹೋದವನ ಬೆನ್ನು ಹಿಂದಿನವನಿಗೆ ಹೇಗೆ ಕಾಣುತ್ತದೆಂದು ಒಂದು ವರದಿ ಸಲ್ಲಿಸಬೇಕು. ನಾಲ್ಕು ಮನೆಗೆ ಹೋಗಿ ಮಾತು ಕೇಳಬೇಕೆಂದು ಪ್ರೀತಿ ಹೇಳಿದ್ದ ಕೆಲಸವನ್ನು ಮಾತ್ರ ತಮಗೆ ವಹಿಸಲಾರೆ. ಅದನ್ನು ನಾನೇ ಪುಸ್ತಕ, ಪೆನ್ನು ಹಿಡಿದು ಮಾಡಬೇಕಾಗಿದೆ. ಮೊದಲ ಮನೆ ನನ್ನದೇ ಆಗಿರುವುದರಿಂದ, ಜಯಮಾಲಾ ಒಳಗೆ ಬಿಟ್ಟುಕೊಂಡ ಕೂಡಲೇ ಆರಂಭಿಸುತ್ತೇನೆ.

ನನ್ನ ಹೆಸರನ್ನು ತಾವು ಇದುವರೆಗೆ ಒಮ್ಮೆಯೂ ಸರಿಯಾಗಿ ಬರೆದಿಲ್ಲ. ಈ ಸಲ ತಿದ್ದುವುದಿಲ್ಲ. ಗೆಳೆತನದಲ್ಲಿ ನಾನು ಇದ್ದದ್ದೂ ಅಷ್ಟೇ ಎಂದು ಅನ್ನಿಸುತ್ತಿದೆ.

ತಮ್ಮ ವಿಶ್ವಾಸಿ,
ಭಾಗಶಃ
ಚಿತ್ತಾಪುರ

ತಾ. ಕ.: ಪತ್ರ ಮುಗಿಸಿ ಐದು ದಿನವಾಯಿತು. ಶನಿವಾರ ಹಳೆಯ ಚಾಳಿಯಂತೆ ಮತ್ತೆ ತಮ್ಮ ಮೇಲೆಯೇ ‘ಬರ್ರಿ’ ಎಂದು ಒತ್ತಿ, ಕಳಿಸಿಯಾದ ಮೇಲೆ ಓದಿ, ಎಂಟನೆಯ ಆದೇಶ ಹೊರಟುಹೋಗಿದ್ದನ್ನು ಕಂಡು ಹಣೆ ಚಚ್ಚಿಕೊಂಡೆ. ಮರುದಿನ ವಾಡಿಗೆ ಹೋದರೆ ಚಾಂದ್ ಸಾಹೇಬರು ನನಗಿಂತ ಮೊದಲೇ ಬಂದು ಎರಡು ತಟ್ಟೆ ಸುಸಲಾ ಹೇಳಿ ಕೂತಿದ್ದರು. “ಬರತಕ್ಕದ್ದಲ್ಲಂತ ಹುಕುಮ್ ಬಂತ್ರಿ, ಅದಕ್ಕ ಬಂದೀನಿ,” ಎಂದರು. ಆ ಏರಿನಲ್ಲಿ ಈ ಸಲ ನಾನು ಹಿಂದೆ ಉಳಿದೆ. ಬೇಕೆಂದೇ ಉಳಿದೆನೆಂದು ಬರೆಯುವ ಆಸೆಯಿದೆ, ಆದರೆ ಇಪ್ಪತ್ತೊಂದು ಗೇರುಗಳಲ್ಲಿ ಗೊತ್ತಿದ್ದ ಒಂದೂ ಕೈಕೊಟ್ಟಿತ್ತು. ಅವರು ಮೇಲಿನ ಮೋರಿಕಟ್ಟೆಯ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ನಾನು ತಲುಪುವವರೆಗೂ ಕೂಗುತ್ತಿದ್ದರು: “ಬರ್ರಿ, ಬರ್ರಿ, ಕುಂದ್ರಿ.” ತಾವು ನನ್ನ ಜೇಬಿನಲ್ಲೇ ಇದ್ದಿರಿ. ಕೇಳಿಸಿದ್ದರೆ ದಯವಿಟ್ಟು ಬರೆದುಕೊಳ್ಳತಕ್ಕದ್ದು: ಬ, ಆಮೇಲೆ ರಿ, ಆ ರಿ ಕೆಳಗೆ ಇನ್ನೊಂದು ರ ಒತ್ತು, ಅಷ್ಟೇ.