ಕುಕ್ಕರ್ ಕೂಡ ಗ್ವಾಪಾ

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸ್ಪ್ಯಾನಿಷ್ ಬಲ್ಲ ಏಕಮಾತ್ರ ವಿದುಷಿ ನಮ್ಮ ಚಿಕ್ಕವ್ವ. ಅವಳಿಗೆ ಬರುವುದು ಒಂದೇ ಒಂದು ಪದ, ಅದು ಬೇರೆ ವಿಷಯ!

ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರಲ್ಲಿ ಅತಿಥಿಗಳ ಕಣ್ಣೆದುರೇ ಅಕ್ಕಿರೊಟ್ಟಿ ತಟ್ಟುವುದು ಅವಳ ಕೆಲಸ. ಹುಲಿ ನೋಡಲು ಬಂದು ರೊಟ್ಟಿ ಮಾತ್ರ ಕಂಡ ಸ್ಪೇನಿನ ಹೆಂಗಸೊಬ್ಬಳು ಇವಳ ಗಲ್ಲ ಹಿಡಿದು 'ಗ್ವಾಪಾ' ಅಂದಳಂತೆ. ಸುಂದರಿ ಎಂದರ್ಥ ಅಂತ ಜೀಪ್ ಡ್ರೈವರ್ ತಿಳಿಸಿದ.

"ಥೂ! ಕಟ್ಕೊಂಡ ಗಂಡನೇ ಅಂದಿರ್ನಿಲ್ಲ ಕಣಮ್ಮಿ, ಇವಳ್ಗೇನ್ ಬಂತು?"

ಸಿಟ್ಟು ನ್ಯಾಯವೇ. ನಮ್ಮ ಕಡೆ ಯಾರನ್ನೂ ಬಾಯಿಬಿಟ್ಟು ಚೆಂದ ಅನ್ನುವಂತಿಲ್ಲ, ದೃಷ್ಟಿಯಾಗುತ್ತದೆ. ಉಂಡು ಉಬ್ಬಿದವರನ್ನೂ 'ಏನಿಂಗೆ ಸೊರಗೋದೆ' ಎಂದೇ ಮಾತಾಡಿಸಬೇಕು. ಆದರೆ ಅವರ ಊರಲ್ಲಿ ತರಕಾರಿಯವಳೂ ಗಿರಾಕಿಯನ್ನು ಹಾಗೇ ಕರೆಯುತ್ತಾಳೆ, ಹೆಂಗಸಾದರೆ ಗ್ವಾಪಾ, ಗಂಡಸಾದರೆ ಗ್ವಾಪೋ, ಚೆಂದ ಇರಲೇಬೇಕೆಂಬ ಕಟ್ಟುನಿಟ್ಟಿಲ್ಲ ಎಂದು ಡ್ರೈವರ್ ಬಿಡಿಸಿ ಹೇಳಿದ. ಚಿಕ್ಕವ್ವನಿಗೆ ಜ್ಞಾನೋದಯ! ಕೆಟ್ಟ ಕಣ್ಣಿಗೆ ಸ್ಪ್ಯಾನಿಷ್ ಬರುವುದಿಲ್ಲವಲ್ಲ?

"ಗ್ವಾಪೋ, ಹುಣಸೂರ್ಗೊಂದು ಟಿಕೆಟ್ ಕೊಡಪ್ಪ."

"ಯಾಕಜ್ಜಿ ಬಯ್ತೀಯ?" ಎಂದ ಕಂಡಕ್ಟರ್.

"ಬಯ್ಯಂಗಿದ್ರೆ ಕನ್ನಡ್ದಲ್ಲೇ ಬಯ್ತಿದ್ನಲ್ಲ!"

ಅವಳು ಹುಣಸೂರಿಗೆ ಬಂದದ್ದು ನನಗಾಗಿ. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ಸುರಿಯಿತು. ಅರ್ಧ ಮುಖ ಜೋತುಬಿದ್ದಿತ್ತು. "ನರ ಊದಿಕೊಂಡಿದೆ, ಹೆಚ್ಚಿನವರಿಗೆ ಸರಿಹೋಗುತ್ತೆ" ಎಂದರು ಡಾಕ್ಟರು. ಸರಿಹೋಗದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂದು ಆ ಕ್ಷಣವೇ ಬರೆದುಕೊಂಡೆ! ಒಂದನೇ ತರಗತಿಗೆ 'ಪ ಫ ಬ ಭ ಮ' ಕಲಿಸುವ ಟೀಚರ್ ನಾನು. 'ಪ' ಅಂದರೆ ಬರೀ ಗಾಳಿ. ಈ ಮೂತಿ ಹೊತ್ತು ಮಕ್ಕಳೆದುರು ನಿಲ್ಲುವುದು ಹೇಗೆ?

ಚಿಕ್ಕವ್ವನೋ, ಹಾಲಿನವಳನ್ನು ಗ್ವಾಪಾ ಅಂದಳು. ಪಕ್ಕದ ಮನೆಯ ಬೆಕ್ಕು ಗ್ವಾಪಾ. ನನ್ನನ್ನು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಎರಡು ವಾರ ಕಾದೆ.

"ಚಿಕ್ಕವ್ವ, ಕುಕ್ಕರ್ ಕೂಡ ಗ್ವಾಪಾ. ನಾನು?"

"ನಿಂಗ್ಯಾಕಮ್ಮಿ ಈಗ ಅದೆಲ್ಲ" ಎಂದು ಎದ್ದು ಹೋದಳು.

ಚೆಂದ ಇರಲೇಬೇಕೆಂದಿಲ್ಲದ ಪದಕ್ಕೂ ನಾನು ಸಲ್ಲಲಿಲ್ಲ! ದಿನಕ್ಕೆ ಮೂರು ಸಲ ಕನ್ನಡಿ ಮುಂದೆ ಕೆನ್ನೆ ಉಬ್ಬಿಸಬೇಕು, ಸಿಳ್ಳೆ ಹಾಕಬೇಕು ಎಂದಿದ್ದರು ಡಾಕ್ಟರು. ಅವತ್ತೇ ಅದನ್ನು ಬಿಟ್ಟೆ. ಕನ್ನಡಿಗೆ ಟವೆಲ್ ಹೊದಿಸಿ ಮಲಗಿದೆ.

ಮರುದಿನ ಮಧ್ಯಾಹ್ನ ಕೋಣೆಯಿಂದ 'ಫೂ ಫೂ' ಸದ್ದು. ಇಣುಕಿದರೆ ಚಿಕ್ಕವ್ವ! ಟವೆಲ್ ಕಿತ್ತು, ಕನ್ನಡಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದಿನ ಹಲ್ಲಿಲ್ಲದ ಬಾಯಲ್ಲಿ ಸಿಳ್ಳೆಗೆ ಒದ್ದಾಡುತ್ತಿದ್ದಾಳೆ.

"ಏನಿದು?"

"ನೀ ಬುಟ್ಬುಟ್ಟೆಲ್ಲ, ನಿನ್ ಪಾಲಿಂದು ನಾನ್ ಮಾಡ್ತಾವ್ನಿ. ಉಷಾರಿಲ್ದೋರ್ ಹರಕೆನ ಮನೆಯೋರು ತೀರ್ಸಾಕಿಲ್ವಾ?"

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಊರೋರ್ಗೆಲ್ಲ ಸುಮ್ಕೆ ಅಂತೀನಿ ಕಣಮ್ಮಿ. ನಿಂಗಂದ್ರೆ ನಿಜ್ವಾಗ್ಲೂ ಅಂದಂಗಾಯ್ತದೆ. ದಿಷ್ಟಿ ತಾಕ್ಬುಟ್ರೆ?"

ಅವಳ ಪಕ್ಕ ಹೋಗಿ ಕೂತೆ. ಇಬ್ಬರೂ ಉಸಿರು ಬಿಗಿಹಿಡಿದೆವು. ಕನ್ನಡಿಯೊಳಗೆ ಮೂರು ಕೆನ್ನೆಗಳು ಉಬ್ಬಿದವು.