ರೇಡಿಯೊ ಕೊಟ್ಟ ವಿಭೂತಿ

ದಿನಾ ಒರೆಸುವವರಿಗೆ ಮಾತ್ರ ಸಾಮಾನುಗಳ ಗುಟ್ಟು ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಮನೆಯ ಗಂಡಸರಿಗೆ ರೇಡಿಯೊ ಅಂದರೆ ಅದರ ಮುಂಭಾಗ. ಬೆನ್ನು ನನ್ನ ಪಾಲಿನದು. ಮಹಾರಾಜರ ಕಾಲದ ಕೊನೆಯ ವರ್ಷಗಳಲ್ಲಿ, ಚಿತ್ರದುರ್ಗದ ನಮ್ಮ ಓಣಿಗೆಲ್ಲ ಒಂದೇ ರೇಡಿಯೊ ಇದ್ದಾಗಿನ ಮಾತಿದು. ಅದರ ಕಾದ ವಾಲ್ವುಗಳ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆಯುಧಪೂಜೆಯ ದಿನ ಅತ್ತೆ ಅದಕ್ಕೂ ವಿಭೂತಿ ಎಳೆದು ಚೆಂಡುಹೂ ಸಿಕ್ಕಿಸಿದ್ದರು. ಆಮೇಲೆ ಹಿಂಬದಿಯಲ್ಲಿ, ಒಂದು ತಗಡಿನ ಡಬ್ಬಿಯ ಬುಡದಲ್ಲಿ ಬಿಳಿ ಪುಡಿ ಕಂಡಿತು. ಪೂಜೆಯದೇ ಉದುರಿರಬೇಕೆಂದು ಒರೆಸಿದೆ. ಮತ್ತೆ ಬಂತು. ಮತ್ತೆ ಒರೆಸಿದೆ, ಈ ಸಲ ಅಂಟಂಟು.

"ಅತ್ತೆ, ಇದು ಬೆಳೀತಾ ಐತ್ರಿ" ಅಂದೆ. ಅತ್ತೆ ಬಗ್ಗಿ ನೋಡಿ ಕೈಮುಗಿದುಬಿಟ್ಟರು. "ಲೇ, ಒರೆಸ್ಬ್ಯಾಡ ಕಣೇ! ದಿನಾ ವಚನ ಕೇಳಿ ಕೇಳಿ ಪೆಟ್ಟಿಗೇಗೂ ಭಕ್ತಿ ಬಂದೈತೆ!" ಪಕ್ಕದ ಮನೆಯ ಗೌರಮ್ಮ ಚಿಟಿಕೆ ವಿಭೂತಿಗೆಂದು ಬಟ್ಟಲು ಹಿಡಿದೇ ಬಂದರು.

ಬರೀ ಭಕ್ತಿಯಾಗಿದ್ದರೆ ನನ್ನ ತಕರಾರಿರಲಿಲ್ಲ. ಪುಡಿ ಹೆಚ್ಚಿದಷ್ಟೂ ಗುಂಯ್ ಎಂಬ ಸದ್ದೂ ಹೆಚ್ಚಿ, ವಾರ್ತೆ ಓದುವವರು ಜೇನುಗೂಡಿನೊಳಗೆ ಕೂತಂತೆ ಕೇಳುತ್ತಿತ್ತು. ಬರುವ ಭಾನುವಾರವೇ ನನ್ನ ತಮ್ಮ ಮೈಸೂರಿನಿಂದ ಮೊದಲ ಸಲ ರೇಡಿಯೊದಲ್ಲಿ ಹಾಡುವವನಿದ್ದ. ಹಿರಿಯೂರಿನಿಂದ ತವರಿನವರೆಲ್ಲ ಕೇಳಲು ನಮ್ಮಲ್ಲಿಗೇ ಬರುವವರು. ನಮ್ಮ ಯಜಮಾನರನ್ನು ಗೋಗರೆದು ರಿಪೇರಿಯವರನ್ನು ಕರೆಸಿದೆ.

ಅವರು ಬೆನ್ನು ಬಿಚ್ಚಿ, "ಈ ಡಬ್ಬಿ ಐತಲ್ಲ, ಕಂಡೆನ್ಸರ್ರು, ಇದು ಸೋರ್ತೈತಮ್ಮ. ಅದ್ಕೇ ಗುಂಯ್ ಅನ್ನೋದು. ಒಳಗಿನ ನೀರು ಹೊರಗೆ ಬಂದು ಒಣಗಿ ಹಿಂಗಾಗೈತೆ" ಅಂದರು. ಅಷ್ಟರಲ್ಲಿ ಅತ್ತೆಯ ಬೆರಳು ಪುಡಿಯತ್ತ ಹೊರಟಿತ್ತು.

"ಅಜ್ಜಿ, ಮುಟ್ಬ್ಯಾಡ್ರಿ! ಆರ್ಸಿದ್ರೂ ಅದ್ರೊಳಗೆ ಕರೆಂಟ್ ಕುಂತಿರ್ತೈತೆ, ಒದೀತೈತೆ!"

"ಒದೀಲಿ ಬಿಡಪ್ಪ. ಸತ್ಯುಳ್ಳ ದೇವ್ರಿಗೆ ಅಷ್ಟು ಸಿಟ್ಟು ಇರ್ಬೇಕು."

ಅವರು ಮರದ ಹಿಡಿಯ ತಿರುಪುಳಿಯನ್ನು ಡಬ್ಬಿಯ ತಂತಿಗೂ ತಗಡಿಗೂ ಒಟ್ಟಿಗೆ ಮುಟ್ಟಿಸಿದ್ದೇ ಚಟ್ ಎಂದು ಕಿಡಿ ಹಾರಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದೇ ಕೈಮುಗಿದರು. ಯಾವುದೋ ಕೆಟ್ಟ ರೇಡಿಯೊದಿಂದ ತೆಗೆದಿಟ್ಟಿದ್ದ ಕಂಡೆನ್ಸರ್ ಹಾಕಿದಾಗ ಗುಂಯ್ ಅಡಗಿತು.

ಭಾನುವಾರ ಪಡಸಾಲೆ ತುಂಬ ಜನ. ತಮ್ಮ ಹಾಡಿದ. ತಿಳಿನೀರಿನ ತಳ ಕಂಡಂತೆ ಒಂದೊಂದು ಸ್ವರವೂ ಸ್ಪಷ್ಟವಾಗಿ ಕೇಳಿತು. ಒಂದೊಂದೂ ಶ್ರುತಿಯಿಂದ ಸ್ವಲ್ಪ ಆಚೆ. ಎಲ್ಲರೂ ಚಾಪೆಯ ಅಂಚನ್ನೇ ನೋಡುತ್ತ ಕೂತರು. ಅತ್ತೆ ನನ್ನ ಕಿವಿಯಲ್ಲಿ, "ಆ ಹಳೇ ಡಬ್ಬಿ ಇರ್ಬೇಕಿತ್ತು ಕಣೇ, ಮಾನ ಮುಚ್ತಿತ್ತು" ಅಂದರು.

"ಹುಡುಗ ಹಾಡು ಕಲ್ತಿದ್ದು ಯಾರತ್ರ?" ಗೌರಮ್ಮ ಮೆಲ್ಲಗೆ ಕೇಳಿದರು.

ಯಜಮಾನರು ನನ್ನ ಕಡೆ ಕೈತೋರಿಸುವಷ್ಟರಲ್ಲಿ ನಾನು ಅಡುಗೆಮನೆ ಸೇರಿದ್ದೆ. ಅಂದು ಕಾಫಿ ಸೋಸುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.